ಮೋಟರ್ ಓಡುತ್ತದೆ, ನೀರು ಬರುವುದಿಲ್ಲ: ತೋಟದ ಪಂಪ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಏಪ್ರಿಲ್ ತಿಂಗಳು. ಪಾಂಡವಪುರದ ಕಡೆಯ ಗೌಡರೊಬ್ಬರು 5 ಎಚ್‌ಪಿ ಮೋನೋಬ್ಲಾಕ್ ಪಂಪನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಮಂಡ್ಯದ ನಮ್ಮ ಶೆಡ್ಡಿಗೆ ಬಂದರು. ಇಳಿಸುವ ಮೊದಲೇ ತೀರ್ಪು ಕೊಟ್ಟರು.

"ಇದ್ರಲ್ಲಿ ಕಸುವಿಲ್ಲ ಕಣಪ್ಪ. ಇದನ್ನ ತಗೊಂಡು ಏಳೂವರೆದು ಕೊಟ್ಬುಡು."

ಪಂಪನ್ನು ತೊಟ್ಟಿಯ ಪಕ್ಕ ಕೂರಿಸಿ ಓಡಿಸಿದೆ. ನೀರು ಭರ್ರನೆ ಬಂತು. ಕರೆಂಟ್ ಸರಿ, ಸದ್ದು ಸರಿ, ಬೇರಿಂಗ್ ಸರಿ. ಗೌಡರು ಒಮ್ಮೆ ಪಂಪನ್ನು, ಒಮ್ಮೆ ನನ್ನನ್ನು ನೋಡಿದರು. "ಇಲ್ಲಿ ಬತ್ತದಲ್ಲ, ಅಲ್ಲಿ ಏನ್ ಬಂದಿತ್ತು ಇದ್ಕೆ ರೋಗ?"

ರೋಗ ಬಾವಿಯಲ್ಲಿತ್ತು. ಆ ಕಥೆ ಮುಂದೆ ಬರುತ್ತದೆ. ನಮ್ಮ ಶೆಡ್ಡಿಗೆ ಬರುವ ಪಂಪ್‌ಗಳಲ್ಲಿ ಸುಮಾರು ಹೀಗೇ. ಕೆಟ್ಟಿರುವುದು ಪೈಪ್, ಇಲ್ಲವೇ ವೋಲ್ಟೇಜ್, ಇಲ್ಲವೇ ಪಂಪಿಗೂ ಬಾವಿಗೂ ಜೋಡಿ ಆಗಿಲ್ಲ. ಬೈಗುಳ ಮಾತ್ರ ಪಂಪಿಗೆ. ಎಚ್‌ಪಿ ಏರಿಸುವುದು ಇದಕ್ಕೆಲ್ಲ ಔಷಧಿ ಅಲ್ಲ. ಎಷ್ಟೋ ಸಲ ಅದರಿಂದ ಕಾಯಿಲೆ ಜಾಸ್ತಿಯೇ ಆಗುತ್ತದೆ. ಆದ್ದರಿಂದ ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ, ಪಂಪ್ ಬಿಚ್ಚುವುದನ್ನು ಕೊನೆಗಿಟ್ಟುಕೊಳ್ಳಿ.

ಕೈ ಹಾಕುವ ಮೊದಲು

ಸ್ಟಾರ್ಟರ್ ಆಫ್ ಮಾಡಿದರೆ ಸಾಲದು. ತ್ರೀ ಫೇಸ್ ಯಾವಾಗ ಹೋಗುತ್ತದೋ, ಯಾವಾಗ ಬರುತ್ತದೋ ಹೇಳಲಾಗದು. ಆಟೋ ಸ್ಟಾರ್ಟರ್ ಹಾಕಿಸಿದ್ದರಂತೂ ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಎದ್ದು ಓಡುತ್ತದೆ. ಆಗ ನಿಮ್ಮ ಕೈ ಎಲ್ಲಿರುತ್ತದೆ ಎಂದು ಅದು ನೋಡುವುದಿಲ್ಲ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕ್ಯಾರಿಯರ್ ಮೂರನ್ನೂ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಟೆಸ್ಟರ್ ಇಟ್ಟು ನೋಡಿ, ಆಮೇಲೆ ಮುಟ್ಟಿ. ಕೆಪಾಸಿಟರ್ ಇದ್ದರೆ ಆಫ್ ಆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ, ಅದರ ತುದಿಗಳನ್ನು ಮುಟ್ಟಬೇಡಿ.

ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಪ್ಯಾನೆಲ್ ತೆಗೆಯಬೇಡಿ. ಪಂಪಿನ ಮೈ ಮುಟ್ಟಿದರೆ ಚುರ್ ಅನ್ನುತ್ತದೆ ಎಂದಾದರೆ ಅಲ್ಲಿಗೇ ನಿಲ್ಲಿಸಿ. ಅರ್ಥಿಂಗ್ ಸರಿಯಾಗುವವರೆಗೆ ಬೇರೆ ಯಾವ ಪರೀಕ್ಷೆಯೂ ಬೇಡ. ಟ್ರಾನ್ಸ್‌ಫಾರ್ಮರ್ ಫ್ಯೂಸ್ ಹೋಗಿದ್ದರೆ ಕೋಲು ಹಿಡಿದು ನೀವೇ ಹಾಕಲು ಹೋಗಬೇಡಿ. 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬರಲಿ.

ಇನ್ನೊಂದು ಮಾತು ಬಾವಿಗೆ ಇಳಿಯುವವರಿಗೆ. ಹಳೇ ಬಾವಿಯ ತಳದಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಒಳಗೆ ಡೀಸೆಲ್ ಇಂಜಿನ್ ಓಡಿಸಿದ್ದರಂತೂ ಅದರ ಹೊಗೆಯ ವಿಷಗಾಳಿ ಅಲ್ಲೇ ಕೂತಿರುತ್ತದೆ, ವಾಸನೆಯಿಂದ ಗೊತ್ತಾಗುವುದಿಲ್ಲ. ಒಬ್ಬರೇ ಇಳಿಯಬೇಡಿ. ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಇಬ್ಬರು ಇರಲಿ. ಒಳಗಿದ್ದವರು ಕುಸಿದರೆ ಕಾಪಾಡಲು ಇನ್ನೊಬ್ಬರು ಧುಮುಕುವುದು ಬೇಡ. 112ಕ್ಕೆ ಫೋನ್ ಮಾಡಿ, ಮೇಲಿಂದ ಎಳೆಯಿರಿ.

ಮೋಟರ್ ಓಡುತ್ತದೆ, ಒಂದು ಹನಿ ನೀರಿಲ್ಲ

ಪಂಪಿಗೆ ಗಾಳಿ ಎಳೆಯಲು ಬರುವುದಿಲ್ಲ. ಒಳಗೆ ನೀರು ತುಂಬಿದ್ದರೆ ಮಾತ್ರ ಅದು ನೀರನ್ನು ಎಳೆಯುತ್ತದೆ. ಹಾಗಾಗಿ ಮೊದಲ ಕೆಲಸ ಸುಲಭ. ಮೇಲಿನ ಕೊಳವೆಯ ಪ್ಲಗ್ ತೆಗೆದು ನೀರು ಸುರಿಯಿರಿ. ಪಂಪ್ ತುಂಬಿ ಹೊರಗೆ ಚೆಲ್ಲುವವರೆಗೆ ಸುರಿದು, ಐದು ನಿಮಿಷ ಸುಮ್ನೆ ನೋಡಿ.

ನೀರಿನ ಮಟ್ಟ ಇಳಿಯದೆ ನಿಂತರೆ ಫುಟ್‌ವಾಲ್ವ್ (ಎಳೆಯುವ ಪೈಪಿನ ಬುಡದಲ್ಲಿದ್ದು ನೀರು ವಾಪಸ್ ಬಾವಿಗೆ ಇಳಿಯದಂತೆ ತಡೆಯುವ ವಾಲ್ವ್) ಸರಿಯಾಗಿದೆ. ಮೆಲ್ಲಗೆ ಇಳಿದರೆ ವಾಲ್ವ್ ಸ್ವಲ್ಪ ಸೋರುತ್ತಿದೆ. ಸುರಿದಷ್ಟೂ ಕುಡಿಯುತ್ತಿದ್ದರೆ ವಾಲ್ವಿನ ಬಾಯಿ ತೆರೆದೇ ಕೂತಿದೆ. ಕಡ್ಡಿ, ಪ್ಲಾಸ್ಟಿಕ್ ಕವರ್, ಕೆಲವೊಮ್ಮೆ ಏಡಿ ಸಿಕ್ಕಿಕೊಂಡಿರುತ್ತದೆ. ಪೈಪನ್ನು ನಾಲ್ಕು ಸಲ ಎತ್ತಿ ಕುಕ್ಕಿದರೆ ಕಸ ಬಿದ್ದುಹೋಗಬಹುದು. ಹಳಬರು ತುಂಬಿಸುವ ನೀರಿಗೆ ಸಗಣಿ ಕಲಸಿ ಸುರಿಯುತ್ತಾರೆ. ಸೋರಿಕೆಯ ಸಂದು ಮುಚ್ಚಿ ಪಂಪ್ ಎಳೆಯಲು ಶುರು ಮಾಡುತ್ತದೆ. ಆ ದಿನದ ಕೆಲಸ ಸಾಗುತ್ತದೆ, ಅಷ್ಟೇ. ವಾರಕ್ಕೆ ಮೂರು ಸಲ ಸಗಣಿ ಕಲಸುವ ಹೊತ್ತಿಗೆ ವಾಲ್ವಿನ ವಾಷರ್ ಬದಲಾಯಿಸಬಹುದಿತ್ತು, ಅಲ್ವಾ?

ನೀರು ನಿಲ್ಲುತ್ತದೆ, ಆದರೂ ಎಳೆಯುವುದಿಲ್ಲ ಎಂದರೆ ಬಾವಿ ನೋಡಿ. ಫುಟ್‌ವಾಲ್ವ್ ನೀರಿನೊಳಗೇ ಇದೆಯಾ? ನಗಬೇಡಿ, ಬೇಸಿಗೆಯಲ್ಲಿ ಇದೇ ಕಾರಣಕ್ಕೆ ಬರುವ ಫೋನ್ ಕಡಿಮೆಯೇನಿಲ್ಲ. ನೀರು ಇಲ್ಲದೆ ಪಂಪನ್ನು ಓಡಿಸುತ್ತಲೇ ಇದ್ದರೆ ಶಾಫ್ಟಿನ ಹತ್ತಿರ ನೀರು ಸೋರದಂತೆ ತಡೆಯುವ ಸೀಲು ನಿಮಿಷಗಳಲ್ಲಿ ಸುಡುತ್ತದೆ. ಬಿಸಿಯಾದ ಪಂಪಿಗೆ ತಕ್ಷಣ ತಣ್ಣೀರು ಸುರಿಯಬೇಡಿ. ಎರಕದ ಮೈ ಬಿರುಕು ಬಿಡಬಹುದು.

ನೀರು ಬರುತ್ತದೆ, ಮೊದಲಿನಷ್ಟು ಬರುವುದಿಲ್ಲ

ಇಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. "ಅರ್ಧ ಆಗೋಗದೆ" ಅನ್ನುತ್ತಾರೆ. ಅರ್ಧವೋ ಮುಕ್ಕಾಲೋ ಕಣ್ಣಿಗೆ ಗೊತ್ತಾಗದು. ಮೊದಲು ಅಳೆಯಿರಿ. 200 ಲೀಟರಿನ ಡ್ರಮ್ ಇಟ್ಟು, ಮೊಬೈಲಿನಲ್ಲಿ ಸಮಯ ನೋಡಿ. 25 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 8 ಲೀಟರ್. ಆ ಅಂಕಿಯನ್ನು ಮೋಟರ್ ಮನೆಯ ಗೋಡೆಯ ಮೇಲೆ ಬರೆದಿಡಿ. ಪಂಪ್ ಹೊಸದಿದ್ದಾಗಲೇ ಬರೆದಿಟ್ಟಿದ್ದರೆ ಇವತ್ತು ಅರ್ಧ ತಲೆನೋವು ಇರುತ್ತಿರಲಿಲ್ಲ.

ಆಮೇಲೆ ತಿರುಗುವ ದಿಕ್ಕು. ಟ್ರಾನ್ಸ್‌ಫಾರ್ಮರ್ ಬದಲಾದ ಮೇಲೆ, ಲೈನ್ ರಿಪೇರಿ ಆದ ಮೇಲೆ, ಮೋಟರ್ ವೈಂಡಿಂಗ್ ಮಾಡಿಸಿ ತಂದ ಮೇಲೆ ನೀರು ಕಡಿಮೆ ಆಯಿತು ಎಂದರೆ ಮೊದಲ ಅನುಮಾನ ಇದೇ. ಉಲ್ಟಾ ತಿರುಗಿದರೆ ಪಂಪ್ ನೀರನ್ನು ಬಾವಿಗೆ ವಾಪಸ್ ಕಳಿಸುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಉಲ್ಟಾ ತಿರುಗಿದರೂ ನೀರು ಅದೇ ಕಡೆಗೆ ಬರುತ್ತದೆ, ಕಡಿಮೆ ಬರುತ್ತದೆ. ಅದಕ್ಕೇ ಮೋಸ ಹೋಗುವುದು. ಪಂಪಿನ ಮೈಮೇಲೆ ಬಾಣದ ಗುರುತು ಇರುತ್ತದೆ. ಒಮ್ಮೆ ಆನ್ ಮಾಡಿ ತಕ್ಷಣ ಆಫ್ ಮಾಡಿ, ಹಿಂದಿನ ಫ್ಯಾನ್ ನಿಲ್ಲುವಾಗ ಯಾವ ಕಡೆ ತಿರುಗುತ್ತಿದೆ ನೋಡಿ. ಬಾಣಕ್ಕೆ ಎದುರಾಗಿದ್ದರೆ ಮೂರು ಫೇಸಿನಲ್ಲಿ ಯಾವುದಾದರೂ ಎರಡು ವೈರ್ ಅದಲು ಬದಲು ಮಾಡಿಸಿ. ಐದು ನಿಮಿಷದ ಕೆಲಸ.

ದಿಕ್ಕು ಸರಿಯಿದ್ದರೆ ಫುಟ್‌ವಾಲ್ವಿನ ಜರಡಿ ತೊಳೆಯಿರಿ. ಅದೂ ಸರಿಯಿದ್ದರೆ ಈಗ ಒಂದು ಒಳ್ಳೆ ಪರೀಕ್ಷೆ ಇದೆ. ಡೆಲಿವರಿಯಲ್ಲಿ, ಅಂದರೆ ನೀರು ಹೊರಗೆ ಹೋಗುವ ಪೈಪಿನಲ್ಲಿ, ಗೇಟ್ ವಾಲ್ವ್‌ಗೂ ಪಂಪಿಗೂ ನಡುವೆ ಒಂದು ಪ್ರೆಶರ್ ಗೇಜ್ ಹಾಕಿಸಿ. ಪಂಪ್ ಓಡುವಾಗ ವಾಲ್ವನ್ನು ಪೂರ್ತಿ ಮುಚ್ಚಿ, ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ, ತಕ್ಷಣ ತೆರೆಯಿರಿ. ಅರ್ಧ ನಿಮಿಷಕ್ಕಿಂತ ಜಾಸ್ತಿ ಮುಚ್ಚಿಡಬೇಡಿ, ಒಳಗಿನ ನೀರು ಕಾಯುತ್ತದೆ. ಗೇಜಿನಲ್ಲಿ 1 ಕೆ.ಜಿ. ಎಂದರೆ 10 ಮೀಟರ್ ಎತ್ತರ ಎಂದು ಲೆಕ್ಕ. ಅದಕ್ಕೆ ಬಾವಿಯ ನೀರಿನ ಮಟ್ಟದಿಂದ ಗೇಜಿನವರೆಗಿನ ಎತ್ತರ ಕೂಡಿಸಿ.

ಈ ಒಟ್ಟು ಅಂಕಿ ಪಂಪ್ ಹೊಸದಿದ್ದಾಗಿನಷ್ಟೇ ಇದ್ದು ನೀರು ಮಾತ್ರ ಕಡಿಮೆ ಬಂದರೆ, ಪಂಪಿಗೆ ಏನೂ ಆಗಿಲ್ಲ. ತಡೆ ಪೈಪಿನಲ್ಲಿದೆ. ಅಂಕಿಯೇ ಬಿದ್ದುಹೋಗಿದ್ದರೆ ಇಂಪೆಲ್ಲರ್ (ಒಳಗೆ ತಿರುಗಿ ನೀರು ತಳ್ಳುವ ರೆಕ್ಕೆಚಕ್ರ) ಸವೆದಿದೆ, ಅಥವಾ ಅದರ ಬಾಯಿಯ ಸುತ್ತಲಿನ ರಿಂಗ್ ಸವೆದಿದೆ. ಆ ರಿಂಗಿಗೂ ಇಂಪೆಲ್ಲರ್‌ಗೂ ಹೊಸದರಲ್ಲಿ ಇರುವ ಸಂದು ಕಾಲು ಮಿಲಿಮೀಟರ್ ಆಸುಪಾಸು. ಮರಳು ನೀರು ಎಳೆದ ಪಂಪಿನಲ್ಲಿ ಅದು ಒಂದು ಮಿಲಿಮೀಟರ್ ಆಗಿರುವುದನ್ನು ನೋಡಿದ್ದೇನೆ. ಆಗ ಮೇಲೆ ತಳ್ಳಿದ ನೀರಿನ ಒಂದು ಪಾಲು ಆ ಸಂದಿನಿಂದಲೇ ಹಿಂದಕ್ಕೆ ಬಂದು, ಮತ್ತೆ ಮೇಲೆ ಹೋಗಿ, ಮತ್ತೆ ಹಿಂದಕ್ಕೆ ಬರುತ್ತಾ ಸುತ್ತುತ್ತಿರುತ್ತದೆ. ಮೋಟರ್ ದುಡಿಯುತ್ತದೆ, ಗದ್ದೆ ನೆನೆಯುವುದಿಲ್ಲ. ರಿಂಗ್ ಬದಲಾಯಿಸುವುದು ಹೊಸ ಪಂಪಿನ ಮುಂದೆ ಬಹಳ ಅಗ್ಗ. ಆದರೆ ಇದು ಲೇತ್ ಇರುವವರ ಕೆಲಸ, ಮನೆಯಲ್ಲಿ ಬೇಡ.

ಪೈಪಿನ ಬಗ್ಗೆ ಸ್ವಲ್ಪ ಲೆಕ್ಕ ಹೇಳಲೇಬೇಕು. ಸೆಕೆಂಡಿಗೆ 8 ಲೀಟರ್ ನೀರು ಎರಡೂವರೆ ಇಂಚಿನ ಪೈಪಿನಲ್ಲಿ 100 ಮೀಟರ್ ಹೋದರೆ ಉಜ್ಜಾಟಕ್ಕೇ ಸುಮಾರು 10 ಮೀಟರ್ ಹೆಡ್ (ನೀರು ಎತ್ತುವ ಎತ್ತರದ ಲೆಕ್ಕ) ಕಳೆಯುತ್ತದೆ. ಅಂದರೆ ಮೂರು ಅಂತಸ್ತಿನ ಮನೆಯ ಮೇಲಕ್ಕೆ ನೀರು ಹತ್ತಿಸಿದಷ್ಟು ಶ್ರಮ, ಸಮತಟ್ಟಾದ ಗದ್ದೆಯಲ್ಲಿ. ಅದೇ ನೀರು ಮೂರು ಇಂಚಿನ ಪೈಪಿನಲ್ಲಿ ಹೋದರೆ 4 ಮೀಟರ್ ಮಾತ್ರ. ಅರ್ಧ ಇಂಚಿಗೆ ಇಷ್ಟು ವ್ಯತ್ಯಾಸ ಬರುವುದು, ಈ ನಷ್ಟ ಪೈಪಿನ ಅಗಲದ ಐದನೇ ಘಾತದಲ್ಲಿ ಇಳಿಯುವುದರಿಂದ. ಏಳೂವರೆ ಎಚ್‌ಪಿ ತರುವ ದುಡ್ಡಿನಲ್ಲಿ ಪೈಪ್ ಬದಲಾಯಿಸಿದರೆ ನೀರೂ ಜಾಸ್ತಿ, ಮೋಟರಿಗೂ ಹಗುರ.

10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲು ಕಟ್ಟಬೇಕಾಗಿಲ್ಲವಲ್ಲ, ಅದಕ್ಕೇ ನಮ್ಮ ಕಡೆ ಪಂಪ್ ಎಷ್ಟು ಕರೆಂಟ್ ತಿಂದು ಎಷ್ಟು ನೀರು ಕೊಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಆದರೆ ತ್ರೀ ಫೇಸ್ ಇರುವ ಗಂಟೆಗಳು ಎಣಿಸಿದಷ್ಟೇ. ಆ ಗಂಟೆಗಳಲ್ಲಿ ಗದ್ದೆಯ ಕೊನೇ ಮೂಲೆಗೆ ನೀರು ಮುಟ್ಟಿತೋ ಇಲ್ಲವೋ ಎಂಬುದೇ ನಿಮ್ಮ ಬಿಲ್ಲು.

ಲೆಕ್ಕ ಮಾಡುವ ಆಸೆ ಇದ್ದವರಿಗೆ ಇಲ್ಲಿದೆ. ಸೆಕೆಂಡಿಗೆ ಬರುವ ಲೀಟರನ್ನು ಒಟ್ಟು ಹೆಡ್ಡಿನ ಮೀಟರಿನಿಂದ ಗುಣಿಸಿ, 102ರಿಂದ ಭಾಗಿಸಿ. ನೀರಿಗೆ ಸೇರಿದ ಕಿಲೋವ್ಯಾಟ್ ಸಿಗುತ್ತದೆ. 8 ಲೀಟರ್, 20 ಮೀಟರ್ ಆದರೆ ಸುಮಾರು 1.6 ಕಿಲೋವ್ಯಾಟ್. ಮೋಟರ್ ಎಳೆಯುತ್ತಿರುವುದು 4 ಕಿಲೋವ್ಯಾಟ್ ಎಂದಾದರೆ ನೂರಕ್ಕೆ 40 ಪಾಲು ಮಾತ್ರ ನೀರಿಗೆ ಹೋಯಿತು. ಉಳಿದ 60 ಬಿಸಿಯಾಗಿ, ಸದ್ದಾಗಿ, ಒಳಗೇ ಸುತ್ತಾಡಿ ಮುಗಿಯಿತು.

ಪಂಪಿನೊಳಗೆ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು

ಈಗ ಗೌಡರ ಬಾವಿಗೆ ಬರೋಣ.

ಮರುದಿನ ಪಂಪನ್ನು ವಾಪಸ್ ಕೂರಿಸಿ ಓಡಿಸಿದಾಗ ಹತ್ತು ಮಾರು ದೂರದಿಂದಲೇ ಕೇಳಿಸಿತು. ಡಬ್ಬಿಯಲ್ಲಿ ಜಲ್ಲಿ ಹಾಕಿ ಕುಲುಕಿದ ಹಾಗೆ ಗರಗರ ಸದ್ದು. ನೀರು ಸಣ್ಣಗೆ ಬರುತ್ತಿತ್ತು. ಗೌಡರು "ಬೇರಿಂಗ್ ಹೋಗದೆ" ಎಂದರು. ನಾನು ಡೆಲಿವರಿ ವಾಲ್ವನ್ನು ಮೆಲ್ಲಗೆ ಅರ್ಧಕ್ಕೆ ತಿರುಗಿಸಿದೆ. ಸದ್ದು ನಿಂತಿತು. ಮತ್ತೆ ತೆರೆದೆ, ಮತ್ತೆ ಗರಗರ. ಬೇರಿಂಗ್ ಕೆಟ್ಟಿದ್ದರೆ ವಾಲ್ವ್ ಮುಚ್ಚಿದಾಗ ಸದ್ದು ಹೀಗೆ ನಿಲ್ಲುವುದಿಲ್ಲ.

ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಬಿಟ್ಟೆವು. ಪಂಪಿನಿಂದ ನೀರಿಗೆ 24 ಅಡಿ. ನವೆಂಬರಿನಲ್ಲಿ ಎಷ್ಟಿತ್ತು ಎಂದು ಕೇಳಿದೆ. ಬಾವಿ ಗೋಡೆಯ ಪಾಚಿಯ ಗುರುತು ತೋರಿಸಿದರು. 12 ಅಡಿ. ಕನ್ನಂಬಾಡಿ ಅಣೆಕಟ್ಟು 124.80 ಅಡಿ ತುಂಬಿ ನಾಲೆ ಹರಿಯುವಾಗ ನಾಲೆಯ ಬದಿಯ ಬಾವಿಗಳೂ ತುಂಬಿರುತ್ತವೆ. ನಾಲೆ ನಿಂತು ಎರಡು ತಿಂಗಳಾದರೆ ಬಾವಿಯೂ ಇಳಿಯುತ್ತದೆ. ಪಂಪ್ ಮಾತ್ರ ನವೆಂಬರಿನಲ್ಲಿ ಕೂತ ಜಾಗದಲ್ಲೇ ಕೂತಿರುತ್ತದೆ.

ಪಂಪ್ ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ನಿಜಕ್ಕೂ ನೀರನ್ನು ಮೇಲಕ್ಕೆ ಒತ್ತುವುದು ಹೊರಗಿನ ಗಾಳಿ. ಪಂಪ್ ಮಾಡುವುದು ಒಳಗೆ ಒತ್ತಡ ಕಡಿಮೆ ಮಾಡುವುದಷ್ಟೇ. ಸಮುದ್ರ ಮಟ್ಟದಲ್ಲಿ ಗಾಳಿ ನೀರನ್ನು 10.3 ಮೀಟರ್‌ವರೆಗೆ ಒತ್ತಬಲ್ಲದು. ಮಂಡ್ಯ ಇರುವುದು ಸಮುದ್ರ ಮಟ್ಟದಿಂದ 680 ಮೀಟರ್ ಆಸುಪಾಸು ಎತ್ತರದಲ್ಲಿ. ಇಲ್ಲಿ ಅದು 9.5 ಮೀಟರ್. ಬೇಸಿಗೆಯ ಬೆಚ್ಚನೆಯ ನೀರಿನ ಆವಿಗೆ 0.4 ಮೀಟರ್ ಬಿಡಿ. ಸಣ್ಣ ಪಂಪಿನ ಇಂಪೆಲ್ಲರ್ ಬಾಯಿಗೆ ಬೇಕಾದ ಒತ್ತಡಕ್ಕೆ ಎರಡೂವರೆ ಮೀಟರ್ ಬಿಡಿ. ಫುಟ್‌ವಾಲ್ವ್, ಬೆಂಡು, ಪೈಪಿನ ಉಜ್ಜಾಟಕ್ಕೆ ಒಂದು ಮೀಟರ್. ಉಳಿದದ್ದು ಐದೂವರೆ ಮೀಟರ್ ಚಿಲ್ಲರೆ, ಅಂದರೆ 18 ಅಡಿ. ಗೌಡರ ಪಂಪ್ 24 ಅಡಿಯಿಂದ ಎಳೆಯಲು ಹೋಗುತ್ತಿತ್ತು.

ಹಾಗೆ ಎಳೆದಾಗ ಇಂಪೆಲ್ಲರ್ ಬಾಯಿಯಲ್ಲಿ ಒತ್ತಡ ಎಷ್ಟು ಬೀಳುತ್ತದೆಂದರೆ ನೀರು ತಣ್ಣಗಿದ್ದೇ ಕುದಿಯುತ್ತದೆ. ಗುಳ್ಳೆಗಳು ಏಳುತ್ತವೆ. ಅವು ಇಂಪೆಲ್ಲರ್ ಒಳಗೆ ಮುಂದೆ ಹೋಗಿ ಒತ್ತಡ ಹೆಚ್ಚಿರುವ ಕಡೆ ಫಟ್ಟನೆ ಒಡೆಯುತ್ತವೆ. ಜಲ್ಲಿಕಲ್ಲಿನ ಸದ್ದು ಅದೇ. ಒಂದೊಂದು ಗುಳ್ಳೆಯೂ ಒಂದೊಂದು ಸಣ್ಣ ಸುತ್ತಿಗೆ ಏಟು. ಗೌಡರ ಇಂಪೆಲ್ಲರ್ ಬಿಚ್ಚಿ ತೋರಿಸಿದೆ. ರೆಕ್ಕೆಗಳ ಬುಡದಲ್ಲಿ, ಬಾಯಿಯ ಹತ್ತಿರ, ಗೆದ್ದಲು ತಿಂದ ಹಲಗೆಯ ಹಾಗೆ ತೂತು ತೂತು. ಮರಳು ಸವೆಸಿದರೆ ಮೈ ನುಣುಪಾಗಿ ತೆಳ್ಳಗಾಗುತ್ತದೆ. ಗುಳ್ಳೆ ತಿಂದರೆ ಹೀಗೆ ಒರಟು ಗುಳಿ ಬೀಳುತ್ತದೆ. ಬೆರಳಾಡಿಸಿದರೆ ಸಾಕು, ಯಾವುದೆಂದು ಗೊತ್ತಾಗುತ್ತದೆ.

ಅಲ್ಲಿಗೆ ಏಳೂವರೆ ಎಚ್‌ಪಿ ತಂದಿದ್ದರೆ? ಅದು ಇನ್ನೂ ಜಾಸ್ತಿ ನೀರು ಕೇಳುತ್ತಿತ್ತು, ಇನ್ನೂ ಜಾಸ್ತಿ ಕುದಿಯುತ್ತಿತ್ತು, ಇಂಪೆಲ್ಲರ್ ಒಂದೇ ಬೇಸಿಗೆಗೆ ಹೋಗುತ್ತಿತ್ತು. ಮೇಲಕ್ಕೆ ತಳ್ಳುವ ಶಕ್ತಿಯನ್ನು ಎಷ್ಟು ಬೇಕಾದರೂ ಕೊಂಡುಕೊಳ್ಳಬಹುದು. ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಮೂರು ಹಂತದಲ್ಲಿ ಅರ್ಧ ಕಿಲೋಮೀಟರ್ ಎತ್ತರಕ್ಕೆ ತಳ್ಳಿ ಬೆಂಗಳೂರಿಗೆ ಕಳಿಸುತ್ತಾರೆ. ಆದರೆ ಎಳೆಯುವ ಕಡೆ ಗಾಳಿ ಕೊಡುವಷ್ಟೇ. ಅದನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ಪರಿಹಾರ, ಅಗ್ಗದ್ದರಿಂದ ಶುರು ಮಾಡಿ ಹೇಳುತ್ತೇನೆ. ತಕ್ಷಣಕ್ಕೆ ಸದ್ದು ನಿಲ್ಲುವವರೆಗೆ ಡೆಲಿವರಿ ವಾಲ್ವ್ ಸ್ವಲ್ಪ ಮುಚ್ಚಿ ಓಡಿಸಿ. ನೀರು ಕಡಿಮೆ ಬಂದರೂ ಇಂಪೆಲ್ಲರ್ ಉಳಿಯುತ್ತದೆ. ಎಳೆಯುವ ಕಡೆಯ ವಾಲ್ವನ್ನು ಮಾತ್ರ ಯಾವತ್ತೂ ಮುಚ್ಚಬೇಡಿ, ಕಾಯಿಲೆ ಜೋರಾಗುತ್ತದೆ. ಎರಡನೆಯದು, ಎಳೆಯುವ ಪೈಪನ್ನು ಒಂದು ಸೈಜ್ ದೊಡ್ಡದು ಮಾಡಿ, ಬೇಡದ ಬೆಂಡ್ ತೆಗೆಸಿ. ಪಂಪಿನ ಬಾಯಿಗೆ ನೇರವಾಗಿ ಬೆಂಡ್ ಕೂರಿಸಬೇಡಿ, ಪೈಪಿನ ಅಗಲದ ಐದು ಪಟ್ಟು ಉದ್ದ ನೇರ ಪೈಪ್ ಇರಲಿ. ಮೂರನೆಯದು, ಪಂಪನ್ನೇ ಕೆಳಗೆ ಇಳಿಸುವುದು. ಗೌಡರು ಅದನ್ನೇ ಮಾಡಿದರು. ಬಾವಿಯ ಒಳಗೋಡೆಗೆ ಕಬ್ಬಿಣದ ತೊಲೆ ಹಾಕಿಸಿ ಅಟ್ಟಣೆ ಕಟ್ಟಿಸಿದರು. ಪಂಪ್ ಹತ್ತು ಅಡಿ ಕೆಳಗೆ ಹೋಯಿತು. ಮಳೆಗಾಲದಲ್ಲಿ ನೀರು ಏರಿದರೆ ಪಂಪ್ ಮುಳುಗುತ್ತದೆ, ಅದಕ್ಕೇ ಎತ್ತಲು ಚೈನ್ ಪುಲ್ಲಿಯನ್ನೂ ಹಾಕಿಸಿದ್ದಾರೆ. ಈ ಏರಿಳಿತ ಪ್ರತಿ ವರ್ಷದ್ದು ಎಂದಾದರೆ ಓಪನ್‌ವೆಲ್ ಸಬ್‌ಮರ್ಸಿಬಲ್ ವಾಸಿ. ಅದು ನೀರಿನೊಳಗೇ ಕೂರುತ್ತದೆ, ಎಳೆಯುವ ತಾಪತ್ರಯವೇ ಇಲ್ಲ.

ಸ್ವಲ್ಪ ಹೊತ್ತು ಬಂದು ನಿಲ್ಲುತ್ತದೆ, ನೀರು ಹಾಲಿನ ಹಾಗೆ ಬೆಳ್ಳಗಿದೆ

ಗಾಳಿ ಸೇರುತ್ತಿದೆ. ಪೈಪಿನಲ್ಲಿ ನೀರು ಹೊರಗೆ ಸೋರಿದರೆ ಕಾಣುತ್ತದೆ. ಎಳೆಯುವ ಕಡೆ ಗಾಳಿ ಒಳಗೆ ಸೇರಿದರೆ ಕಾಣುವುದಿಲ್ಲ. ಪಂಪ್ ಓಡುವಾಗ ಒಂದೊಂದು ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ನೋಡಿ. ನೊರೆ ಒಳಗೆ ಹೋದ ಕಡೆ ಸಂದು ಇದೆ. ಶಾಫ್ಟ್ ಹೊರಗೆ ಬರುವ ಕಡೆಯ ಗ್ಲ್ಯಾಂಡಿನಿಂದಲೂ ಗಾಳಿ ಹೋಗಬಹುದು, ಅಲ್ಲೂ ನೋಡಿ. ಆದರೆ ತಿರುಗುವ ಶಾಫ್ಟಿನ ಹತ್ತಿರ ಪಂಚೆ, ಸೆರಗು, ಟವೆಲ್ ಹೋಗದ ಹಾಗೆ ಎಚ್ಚರ.

ಜಾಯಿಂಟ್ ಎಲ್ಲ ಬಿಗಿಯಾಗಿದ್ದರೆ ಬಾವಿಗೆ ಇಣುಕಿ. ಫುಟ್‌ವಾಲ್ವಿನ ಮೇಲೆ ನೀರು ಸುಳಿ ಸುತ್ತುತ್ತಿದ್ದರೆ ಆ ಸುಳಿಯಿಂದಲೇ ಗಾಳಿ ಇಳಿಯುತ್ತಿದೆ. ವಾಲ್ವ್ ಇನ್ನೆರಡು ಮೂರು ಅಡಿ ಆಳಕ್ಕೆ ಹೋಗಲಿ, ತಳದ ಕೆಸರಿಗೆ ತಾಗದಿರಲಿ. ಇನ್ನು ಮಲಗಿದ ಪೈಪ್ ಪಂಪಿನ ಕಡೆಗೆ ಸ್ವಲ್ಪ ಏರುತ್ತಾ ಬರಬೇಕು. ನಡುವೆ ಒಂದು ಕಡೆ ಉಬ್ಬಿದ್ದರೂ ಅಲ್ಲಿ ಗಾಳಿ ಕೂತುಬಿಡುತ್ತದೆ.

ಮೋಟರ್ ಬಿಸಿಯಾಗುತ್ತದೆ, ಸ್ಟಾರ್ಟರ್ ಬೀಳುತ್ತದೆ

ಮೋಟರ್ ಮೈ ಬಿಸಿ ಇರುವುದೇ ತಪ್ಪಲ್ಲ. ಒಳ್ಳೆ ಮೋಟರೂ ಕೈ ಇಡಲಾಗದಷ್ಟು ಬಿಸಿಯಾಗಬಹುದು. ಸುಟ್ಟ ವಾರ್ನಿಷ್ ವಾಸನೆ ಬಂದರೆ ಮಾತ್ರ ಆ ಕ್ಷಣ ನಿಲ್ಲಿಸಿ. ರಿಲೇ (ಕರೆಂಟ್ ಜಾಸ್ತಿ ಎಳೆದರೆ ಮೋಟರ್ ನಿಲ್ಲಿಸುವ ಸ್ಟಾರ್ಟರಿನ ಭಾಗ) ಪದೇಪದೇ ಬಿದ್ದರೆ ಅದರ ತಿರುಪನ್ನು ಮೇಲಕ್ಕೆ ತಿರುಗಿಸಬೇಡಿ. ಕಡ್ಡಿ ಸಿಕ್ಕಿಸಿ ಸ್ಟಾರ್ಟರ್ ಹಿಡಿದಿಟ್ಟ ಮೋಟರುಗಳು ವೈಂಡಿಂಗಿಗೆ ಬರುತ್ತಲೇ ಇರುತ್ತವೆ. ನಮಗೆ ವ್ಯಾಪಾರ, ನಿಮಗೆ ಖರ್ಚು.

ಟಾಂಗ್ ಟೆಸ್ಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಇರುವ ಎಲೆಕ್ಟ್ರಿಷಿಯನ್ ಕರೆದು ಮೂರು ಫೇಸಿನ ಆಂಪ್ಸ್ ನೋಡಿಸಿ. ಮೋಟರ್ ಫಲಕದಲ್ಲಿ ಬರೆದಿರುವ ಆಂಪ್ಸಿನ ಜೊತೆ ಹೋಲಿಸಿ. ಒಂದು ಫೇಸಿನಲ್ಲಿ ಸೊನ್ನೆ ಇದ್ದು ಉಳಿದೆರಡರಲ್ಲಿ ಒಂದೂಮುಕ್ಕಾಲು ಪಟ್ಟು ಇದ್ದರೆ ಒಂದು ಫೇಸ್ ಹೋಗಿದೆ. ಓಡುತ್ತಿದ್ದ ಮೋಟರ್ ಆಗ ನಿಲ್ಲುವುದಿಲ್ಲ, ಗುಂಯ್ ಅಂತ ನರಳುತ್ತಾ ಓಡಿ ಸುಟ್ಟುಹೋಗುತ್ತದೆ. ಫೇಸ್ ಹೋದಾಗ ಮೋಟರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲದ ಪ್ಯಾನೆಲ್ ಇಟ್ಟುಕೊಳ್ಳಬೇಡಿ. ಮೂರೂ ಫೇಸಿನಲ್ಲಿ ಜಾಸ್ತಿ ಇದ್ದು ವೋಲ್ಟೇಜ್ ಕಡಿಮೆ ಇದ್ದರೆ ತಪ್ಪು ಲೈನಿನದು. ಕರೆಂಟ್ ಬಂದ ಕೂಡಲೇ ಒಂದು ಟ್ರಾನ್ಸ್‌ಫಾರ್ಮರ್‌ನ ಪಂಪುಗಳೆಲ್ಲ ಆಟೋ ಸ್ಟಾರ್ಟರಿನಲ್ಲಿ ಒಟ್ಟಿಗೇ ಎದ್ದರೆ ಮೊದಲ ಕೆಲವು ನಿಮಿಷ ಹೀಗಾಗುತ್ತದೆ. ಅಕ್ಕಪಕ್ಕದವರು ಮಾತಾಡಿಕೊಂಡು ಸ್ಟಾರ್ಟರ್ ಟೈಮರನ್ನು ಎರಡೆರಡು ನಿಮಿಷ ಹಿಂದು ಮುಂದು ಇಟ್ಟುಕೊಂಡರೆ ಎಲ್ಲರಿಗೂ ಒಳ್ಳೆಯದು.

ವೋಲ್ಟೇಜ್ ಸರಿಯಿದ್ದೂ ಆಂಪ್ಸ್ ಜಾಸ್ತಿ ಎಂದರೆ ಇದನ್ನು ನೋಡಿ. ಬನ್ನೂರಿನ ಹತ್ತಿರ ಒಬ್ಬರು 40 ಮೀಟರ್ ಹೆಡ್ಡಿನ ಪಂಪ್ ತಂದು 15 ಮೀಟರಿಗೆ ಹಾಕಿದ್ದರು. "ದೊಡ್ಡದಿರಲಿ ಅಂತ ತಂದೆ ಅಣ್ಣ." ತಡೆ ಕಡಿಮೆ ಇದ್ದಾಗ ಇಂಥ ಪಂಪ್ ಮಿತಿಮೀರಿ ನೀರು ಎತ್ತುತ್ತದೆ, ಮೋಟರ್ ಅಷ್ಟನ್ನು ಹೊರಲಾಗದೆ ಕಾಯುತ್ತದೆ. ಟಾಂಗ್ ಟೆಸ್ಟರ್ ಹಿಡಿದು ಡೆಲಿವರಿ ವಾಲ್ವ್ ಸ್ವಲ್ಪ ಮುಚ್ಚಿಸಿದೆ. ಆಂಪ್ಸ್ ಇಳಿಯಿತು. ವಾಲ್ವ್ ಮುಚ್ಚಿದರೆ ಮೋಟರಿಗೆ ಭಾರ ಅಲ್ವಾ ಎಂದು ಅವರು ಕಣ್ಣರಳಿಸಿದರು. ಈ ಜಾತಿಯ ಪಂಪಿನಲ್ಲಿ ಉಲ್ಟಾ. ನಾಲೆ, ಹಳ್ಳದಿಂದ ಕಡಿಮೆ ಎತ್ತರಕ್ಕೆ ರಾಶಿ ನೀರು ಎತ್ತುವ ಪ್ರೊಪೆಲ್ಲರ್ ಪಂಪಿನಲ್ಲಿ ಮಾತ್ರ ವಾಲ್ವ್ ಮುಚ್ಚಿದರೆ ಭಾರ ಏರುತ್ತದೆ, ಅಲ್ಲಿ ಈ ಪರೀಕ್ಷೆ ಮಾಡಬೇಡಿ.

ನಡುಕ, ಸೋರಿಕೆ

ಶಾಫ್ಟಿನ ಸುತ್ತ ಗ್ಲ್ಯಾಂಡ್ ಹಗ್ಗ ಸುತ್ತಿದ ಪಂಪಿನಲ್ಲಿ ಹನಿ ಹನಿ ನೀರು ತೊಟ್ಟಿಕ್ಕಲೇಬೇಕು, ಸೆಕೆಂಡಿಗೆ ಒಂದರಂತೆ ಇರಲಿ. ಪೂರ್ತಿ ನಿಲ್ಲುವಷ್ಟು ಬಿಗಿ ಮಾಡಿದರೆ ಶಾಫ್ಟ್ ಸವೆದು ಕಚ್ಚು ಬೀಳುತ್ತದೆ. ಮೆಕ್ಯಾನಿಕಲ್ ಸೀಲಿನ ಪಂಪ್ ತೊಟ್ಟಿಕ್ಕಿದರೆ ಮಾತ್ರ ಸೀಲ್ ಬದಲಾಯಿಸಿ.

ನಡುಕ ಬಂದರೆ ಮೊದಲು ತಳದ ಬೋಲ್ಟ್, ಆಮೇಲೆ ಪೈಪಿನ ಭಾರ ಪಂಪಿನ ಮೇಲೆ ಬಿದ್ದಿದೆಯೇ ನೋಡಿ. ಉದ್ದ ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗ್ ಮನೆಗೆ ಒತ್ತಿ ಹಿಡಿ ಕಡೆ ಕಿವಿ ಇಡಿ. ಫ್ಯಾನ್, ಶಾಫ್ಟಿನಿಂದ ದೂರ ಇರಲಿ. ಬರೀ ಗುಂಯ್ ಎಂದರೆ ಸರಿ, ಕರಕರ ಎಂದರೆ ಬೇರಿಂಗ್.

ಬೋರ್ ಪಂಪಾದರೆ

ನಾಗಮಂಗಲದ ಕಡೆಯವರಿಗೆ ಇದೇ ಜಾಸ್ತಿ ಬೇಕು. ಬೋರಿನಲ್ಲಿ ಪಂಪ್ ಕಣ್ಣಿಗೆ ಕಾಣದು, ಆಂಪ್ಸ್ ಮೀಟರೇ ಕಣ್ಣು. ಆಂಪ್ಸ್ ಏರಿಳಿಯುತ್ತಾ ನೀರು ತೇಗುತ್ತಾ ಬಂದರೆ ಬೋರಿನಲ್ಲಿ ನೀರು ಸಾಲದು. ವಾಲ್ವನ್ನು ತಿರುಗಿಸುತ್ತಾ ತೇಗು ನಿಲ್ಲುವ ಜಾಗ ಕಂಡುಕೊಂಡು ಅಲ್ಲೇ ಬಿಡಿ. ಆಂಪ್ಸ್ ಸರಿಯಾಗಿಯೇ ಇದ್ದು ನೀರು ಕಡಿಮೆ ಇದ್ದರೆ ಕೇಸಿಂಗ್ ಬಾಯಿಗೆ ಕಿವಿ ಕೊಡಿ. ಒಳಗೆ ನೀರು ಧೋ ಎಂದು ಬೀಳುತ್ತಿದ್ದರೆ ಪಂಪಿನಿಂದ ಮೇಲೆ ಬರುವ ಕಾಲಂ ಪೈಪ್ ತೂತಾಗಿದೆ. ಆಂಪ್ಸ್ ಜಾಸ್ತಿ, ನೀರಿನಲ್ಲಿ ಮರಳು ಎಂದರೆ ಓಡಿಸುವುದನ್ನು ನಿಲ್ಲಿಸಿ. ವೈಂಡಿಂಗಿನ ಇನ್ಸುಲೇಷನ್ ನೋಡುವ ಮೆಗ್ಗರ್ ಮೀಟರಿನಲ್ಲಿ 1 ಮೆಗಾಓಮ್‌ಗಿಂತ ಕಡಿಮೆ ಬಂದರೂ ಅಷ್ಟೇ. ಪಂಪ್ ಎತ್ತುವುದು ಗಾಡಿಯವರ ಕೆಲಸ. ಕೇಬಲ್ ಹಿಡಿದು ಎಳೆಯಬೇಡಿ.

ಎಲ್ಲ ನೋಡಿಯೂ ಹೊಸ ಪಂಪೇ ಬೇಕು ಎಂದರೆ

ಅಂಗಡಿಗೆ ಎಚ್‌ಪಿ ಹೇಳಿಕೊಂಡು ಹೋಗಬೇಡಿ. ಬೇಸಿಗೆಯ ನೀರಿನ ಮಟ್ಟ, ಮೇಲೆ ಹೋಗಬೇಕಾದ ಎತ್ತರ, ಪೈಪಿನ ಉದ್ದ ಮತ್ತು ಅಗಲ, ಎಷ್ಟು ನೀರು ಬೇಕು, ಇಷ್ಟನ್ನು ಬರೆದುಕೊಂಡು ಹೋಗಿ. ಪ್ರತಿ ಪಂಪಿಗೂ ಅದು ಚೆನ್ನಾಗಿ ದುಡಿಯುವ ಒಂದು ಜಾಗ ಇರುತ್ತದೆ. ಇಂಪೆಲ್ಲರ್ ರೆಕ್ಕೆಯ ಬಾಗು, ಬಾಯಿಯ ಅಗಲ ಎಲ್ಲವನ್ನೂ ಆ ಒಂದು ನೀರು, ಆ ಒಂದು ಹೆಡ್ಡಿಗೆ ಹೊಂದುವ ಹಾಗೆ ಮಾಡಿರುತ್ತಾರೆ. ಅದರಿಂದ ದೂರ ಹೋದಷ್ಟೂ ನೀರು ರೆಕ್ಕೆಗೆ ಅಡ್ಡ ಬಡಿದು ಶಕ್ತಿ ಹಾಳಾಗುತ್ತದೆ. ಫಲಕದಲ್ಲಿ ಹೆಡ್ಡಿನ ವ್ಯಾಪ್ತಿ ಬರೆದಿರುತ್ತದೆ. ನಿಮ್ಮ ಅಂಕಿ ಅದರ ನಡುವೆ ಬರಲಿ, ಅಂಚಿಗೆ ಬೇಡ.

ಬನ್ನೂರಿನವರ ಹಾಗೆ ಜಾಸ್ತಿ ಹೆಡ್ಡಿನ ಪಂಪ್ ಈಗಾಗಲೇ ತಂದಾಗಿದ್ದರೆ ವಾಲ್ವ್ ಮುಚ್ಚಿಕೊಂಡೇ ವರ್ಷಗಟ್ಟಲೆ ಓಡಿಸುವ ಬದಲು ಇಂಪೆಲ್ಲರ್ ಅಂಚನ್ನು ಲೇತಿನಲ್ಲಿ ಸ್ವಲ್ಪ ಇಳಿಸಬಹುದು. 160 ಮಿ.ಮೀ. ಇದ್ದದ್ದು 150 ಆದರೆ ಹೆಡ್ ನೂರಕ್ಕೆ 12ರಷ್ಟು ಇಳಿಯುತ್ತದೆ, ಮೋಟರಿನ ಭಾರ 18ರಷ್ಟು. ಒಂದೇ ಸಲಕ್ಕೆ ಜಾಸ್ತಿ ಇಳಿಸಬೇಡಿ, ತೆಗೆದ ಲೋಹ ಮತ್ತೆ ಅಂಟುವುದಿಲ್ಲ. ವೇಗ ಕಡಿಮೆ ಮಾಡುವ ವಿಎಫ್‌ಡಿ ಹಾಕಿಸಿ ಎಂದೂ ಹೇಳುತ್ತಾರೆ. ವೇಗ ನೂರಕ್ಕೆ 10 ಇಳಿದರೆ ಭಾರ 27 ಇಳಿಯುತ್ತದೆ, ನಿಜ. ಆದರೆ ಹೆಡ್ಡೂ 19 ಇಳಿಯುತ್ತದೆ. ಆಳದ ಬಾವಿಯಲ್ಲಿ ಹಾಗೆ ಇಳಿಸಿದರೆ ನೀರು ಮೇಲಕ್ಕೇ ಬಾರದಿರಬಹುದು.

ಗೌಡರ ಪಂಪ್ ಅದೇ 5 ಎಚ್‌ಪಿ, ಅದೇ ಬಾವಿ. ಹೊಸ ಇಂಪೆಲ್ಲರ್, ಮೂರು ಇಂಚಿನ ಪೈಪ್, ಅಟ್ಟಣೆ, ಇಷ್ಟೇ ಖರ್ಚು. ಮೋಟರ್ ಮನೆಯ ಮೂಲೆಯಲ್ಲಿ ನೀಲಿ ಡ್ರಮ್ ಇಟ್ಟುಕೊಂಡಿದ್ದಾರೆ. ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ತಿಂಗಳಿಗೊಂದು ಅಂಕಿ, ಡ್ರಮ್ ತುಂಬಿದ ಸೆಕೆಂಡು: 24, 25, 24, 25. ಹೋದ ವಾರ ಫೋನ್ ಮಾಡಿದರು.

"ಈ ಸಲ 31 ಬಂದದೆ ಕಣಪ್ಪ. ಜರಡಿ ತೊಳ್ದೆ, 26ಕ್ಕೆ ಬಂತು. ನೀನೇನ್ ಬರ್‌ಬ್ಯಾಡ, ಸುಮ್ನೆ ಹೇಳನ ಅಂತ ಮಾಡ್ದೆ."